ಮೇನ್‌ಫ್ರೇಮ್ ಅಪ್ಲಿಕೇಶನ್ ಫೋನಿನ ಬ್ರೌಸರ್‌ಗೆ: ಹಂತ ಹಂತವಾಗಿ ಒಂದು ಮಾರ್ಗದರ್ಶಿ

“ನಮ್ಮ ಮೇನ್‌ಫ್ರೇಮ್ ಪರದೆಯನ್ನು ಫೋನಿನಲ್ಲಿ ತೆರೆಯಲು ಯಾವ ಆ್ಯಪ್ ಹಾಕಿಕೊಳ್ಳಬೇಕು?” ಎಂಬ ಪ್ರಶ್ನೆಯನ್ನು ಓದುಗರು ಬೇರೆ ಬೇರೆ ಮಾತುಗಳಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಕೆಲವರು ಬೆಂಗಳೂರಿನಲ್ಲಿ ಕುಳಿತು ದೇಶ ವಿದೇಶಗಳ ಬ್ಯಾಂಕು, ವಿಮಾ ಸಂಸ್ಥೆಗಳ ಮೇನ್‌ಫ್ರೇಮ್‌ಗಳನ್ನು ನೋಡಿಕೊಳ್ಳುವವರು. ಇನ್ನು ಕೆಲವರು ಹಸಿರು ಪರದೆಯನ್ನು, ಅಂದರೆ ಮೇನ್‌ಫ್ರೇಮ್‌ನ ಅಕ್ಷರಗಳಷ್ಟೇ ಕಾಣುವ ಹಳೆಯ ಮಾದರಿಯ ಪರದೆಯನ್ನು, ಒಮ್ಮೆಯೂ ಕಾಣದೆ ‘ಇದನ್ನು ಮೊಬೈಲ್‌ಗೆ ತನ್ನಿ’ ಎಂಬ ಹೊಣೆ ಹೊತ್ತಿರುವ ವೆಬ್ ಡೆವಲಪರ್‌ಗಳು. ಇಬ್ಬರಿಗೂ ನೆರವಾಗುವಂತೆ ಇದನ್ನು ಬರೆದಿದ್ದೇನೆ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಫೋನಿಗೆ ತರಬೇಕಾದದ್ದು ಕೆಲಸವನ್ನು, ಪರದೆಯನ್ನಲ್ಲ. ಕೆಳಗಿನ ಎಲ್ಲ ಹಂತಗಳೂ ಈ ನಿರ್ಧಾರದ ಮೇಲೆಯೇ ನಿಂತಿವೆ.

ಇಲ್ಲಿ ಮೇನ್‌ಫ್ರೇಮ್ ಎಂದರೆ 1964ರ ಏಪ್ರಿಲ್‌ನಲ್ಲಿ ಐಬಿಎಂ ಘೋಷಿಸಿದ ಸಿಸ್ಟಂ/360ರ ವಂಶದಲ್ಲಿ ಬಂದ ಇಂದಿನ ಐಬಿಎಂ ಜೆಡ್ ಎಂಬ ದೊಡ್ಡ ಕೇಂದ್ರ ಕಂಪ್ಯೂಟರ್‌ಗಳು ಮತ್ತು ಅವುಗಳ ಮೇಲೆ ನಡೆಯುವ ಜೆಡ್/ಓಎಸ್ ಕಾರ್ಯಾಚರಣಾ ವ್ಯವಸ್ಥೆ. ಅದರೊಳಗೆ ನಾವು ಹೆಚ್ಚು ಮಾತನಾಡಲಿರುವುದು ಸಿಐಸಿಎಸ್ ಬಗ್ಗೆ. ಸಾವಿರಾರು ಬಳಕೆದಾರರ ಸಣ್ಣ ಸಣ್ಣ ವ್ಯವಹಾರಗಳನ್ನು ಏಕಕಾಲದಲ್ಲಿ ನಡೆಸಿಕೊಡುವ ತಂತ್ರಾಂಶ ಅದು. ಅದರಲ್ಲಿ ಪ್ರತಿಯೊಂದು ಬಗೆಯ ಕೆಲಸಕ್ಕೂ ಹೆಚ್ಚೆಂದರೆ ನಾಲ್ಕು ಅಕ್ಷರಗಳ ಒಂದು ಹೆಸರಿರುತ್ತದೆ. ಆ ಹೆಸರನ್ನು ಟ್ರಾನ್ಸಾಕ್ಷನ್ ಐಡಿ ಎನ್ನುತ್ತಾರೆ.

ಆರಂಭಕ್ಕೆ ಮುನ್ನ ಕೈಯಲ್ಲಿ ಇರಬೇಕಾದವು

ಎಲ್ಲಕ್ಕಿಂತ ಮೊದಲು, ವ್ಯವಸ್ಥೆಯ ಒಡೆಯರಿಂದ ಮತ್ತು ಭದ್ರತಾ ತಂಡದಿಂದ ಬರಹದಲ್ಲಿ ಅನುಮತಿ ಪಡೆಯಿರಿ. ‘ಸುಮ್ಮನೆ ಪ್ರಯತ್ನಿಸಿ ನೋಡುತ್ತೇನೆ’ ಎಂದು ಕಚೇರಿಯ ಯಂತ್ರಕ್ಕೆ ಸ್ವಂತ ಫೋನಿನಿಂದ ದಾರಿ ಮಾಡಿಕೊಳ್ಳುವುದು, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ನೌಕರಿಗೆ ಕುತ್ತು ತರುವ ಕೆಲಸ. ಅನಂತರ ಬೇಕಾದವು: ಪರೀಕ್ಷೆಗೆಂದೇ ಬೇರೆಯಾಗಿ ನಡೆಯುವ ಒಂದು ಸಿಐಸಿಎಸ್ (ಇದನ್ನು ರೀಜನ್ ಎನ್ನುತ್ತಾರೆ), ಪರದೆಯ ವಿನ್ಯಾಸವನ್ನು ವಿವರಿಸುವ ಬಿಎಂಎಸ್ ಮ್ಯಾಪ್‌ನ ಮೂಲ ಬರಹ, ದತ್ತಾಂಶದ ಆಕಾರವನ್ನು ಹೇಳುವ ಕೋಬಾಲ್ ಭಾಷೆಯ ಕಾಪಿಬುಕ್, ಫೋನಿಗೂ ಮೇನ್‌ಫ್ರೇಮ್‌ಗೂ ನಡುವೆ ನಿಲ್ಲುವ ಒಂದು ವೆಬ್ ಸರ್ವರ್, ಮತ್ತು ಆ ಟ್ರಾನ್ಸಾಕ್ಷನ್ ಅನ್ನು ದಿನವೂ ಬಳಸುವ ಒಬ್ಬ ವ್ಯಕ್ತಿ. ಈ ಕೊನೆಯವರನ್ನು ಬಿಟ್ಟು ಕೆಲಸ ಆರಂಭಿಸಬೇಡಿ. ಯಾವ ಕಾಲಂ ನಿಜವಾಗಿ ಬೇಕು, ಯಾವುದನ್ನು ಯಾರೂ ನೋಡುವುದೇ ಇಲ್ಲ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಮನೆಯಲ್ಲೇ ಅಭ್ಯಾಸ ಮಾಡಬಯಸುವವರು ಹರ್ಕ್ಯುಲಿಸ್ ಎಂಬ ಮುಕ್ತ ತಂತ್ರಾಂಶವನ್ನು ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು, ಅದರ ಮೇಲೆ ಎಂವಿಎಸ್ 3.8ಜೆ ಎಂಬ ಹಳೆಯ ಐಬಿಎಂ ವ್ಯವಸ್ಥೆಯನ್ನು ನಡೆಸಬಹುದು. ಎಲ್ಲವನ್ನೂ ಸಿದ್ಧಪಡಿಸಿದ ಟಿಕೆ4- ಎಂಬ ಕಟ್ಟು ಉಚಿತವಾಗಿ ಸಿಗುತ್ತದೆ. ಅದರಲ್ಲಿ ಐಬಿಎಂನ ಸಿಐಸಿಎಸ್ ಇರುವುದಿಲ್ಲ. ಆದರೂ ಟರ್ಮಿನಲ್, ಅಂದರೆ ಮೇನ್‌ಫ್ರೇಮ್ ಬಳಸುವ ಪರದೆ ಮತ್ತು ಕೀಲಿಮಣೆ, ಹೇಗೆ ಮಾತನಾಡುತ್ತದೆ ಎಂಬುದನ್ನು ಕಲಿಯಲು ಅದು ಸಾಕು.

ಹಂತ 1: ಯಾವ ಕೆಲಸವನ್ನು ತರಬೇಕೆಂದು ನಿರ್ಧರಿಸಿ

ಮೇನ್‌ಫ್ರೇಮ್‌ನ ರೂಢಿಯ ಪರದೆಯಲ್ಲಿ 24 ಸಾಲುಗಳು, ಪ್ರತಿ ಸಾಲಿಗೆ 80 ಅಕ್ಷರಗಳು. ಸಾಧಾರಣ ಫೋನನ್ನು ನೆಟ್ಟಗೆ ಹಿಡಿದಾಗ ಬ್ರೌಸರ್‌ಗೆ ಸಿಗುವ ಅಗಲ ಸುಮಾರು 360 ಸಿಎಸ್‌ಎಸ್ ಪಿಕ್ಸೆಲ್. 80ರಿಂದ ಭಾಗಿಸಿದರೆ ಒಂದು ಅಕ್ಷರಕ್ಕೆ ಸಿಗುವುದು ನಾಲ್ಕೂವರೆ ಪಿಕ್ಸೆಲ್. ಟರ್ಮಿನಲ್‌ಗೆ ಬಳಸುವ ಸಮಾನ ಅಗಲದ ಫಾಂಟ್‌ಗಳಲ್ಲಿ ಅಕ್ಷರದ ಅಗಲ ಫಾಂಟ್ ಗಾತ್ರದ ಸುಮಾರು 0.6 ಪಾಲು ಇರುವುದರಿಂದ, ಇಡೀ ಸಾಲು ಕಾಣಬೇಕಾದರೆ ಫಾಂಟ್ ಗಾತ್ರವನ್ನು ಏಳೂವರೆ ಪಿಕ್ಸೆಲ್‌ಗೆ ಇಳಿಸಬೇಕಾಗುತ್ತದೆ. ಅದನ್ನು ಯಾರೂ ಓದಲಾರರು. ಫೋನನ್ನು ಅಡ್ಡ ತಿರುಗಿಸಿದರೆ ಅಗಲ ಸಾಕಾಗುತ್ತದೆ, ಆದರೆ ಕೀಲಿಮಣೆ ತೆರೆದ ಕ್ಷಣ ಎತ್ತರದ ಅರ್ಧ ಭಾಗ ಮುಚ್ಚಿಹೋಗಿ, ಯಾವ ಜಾಗದಲ್ಲಿ ಟೈಪ್ ಮಾಡುತ್ತಿದ್ದೇವೆಂಬುದೇ ಕಾಣದಂತಾಗುತ್ತದೆ. ಯಾವ ಆ್ಯಪ್ ಹಾಕಿದರೂ ಈ ಲೆಕ್ಕ ಬದಲಾಗುವುದಿಲ್ಲ.

ಆದ್ದರಿಂದ ಪರದೆಗಳ ಪಟ್ಟಿಯ ಬದಲು ಕೆಲಸಗಳ ಪಟ್ಟಿ ಮಾಡಿ. ಮೇಜಿನಿಂದ ದೂರವಿದ್ದಾಗ ಬಳಕೆದಾರರಿಗೆ ಏನು ಬೇಕಾಗುತ್ತದೆ ಎಂದು ಕೇಳಿ. ಒಂದು ಗೋದಾಮಿನ ದಾಸ್ತಾನು ವ್ಯವಸ್ಥೆಯನ್ನು ಉದಾಹರಣೆಗೆ ತೆಗೆದುಕೊಂಡರೆ, ಸರಕಿನ ಸಂಖ್ಯೆ ಕೊಟ್ಟು ಎಷ್ಟು ಉಳಿದಿದೆ ಎಂದು ನೋಡುವುದು, ಬಂದಿಳಿದ ಸರಕಿಗೆ ಒಪ್ಪಿಗೆ ಕೊಡುವುದು, ಈ ಎರಡು ಸಾಕಾಗಬಹುದು. ಹೊಸ ಸರಕಿನ ನಲವತ್ತು ವಿವರಗಳನ್ನು ತುಂಬುವ ಕೆಲಸ ಮೇಜಿನ ಮೇಲೆಯೇ ಇರಲಿ. ನೋಡುವ ಕೆಲಸಗಳನ್ನು ಮೊದಲು ತನ್ನಿ; ಒಪ್ಪಿಗೆಯ ಕೆಲಸಗಳು ಆಮೇಲೆ ಬರಲಿ; ತುಂಬುವ ಕೆಲಸಗಳನ್ನು ತೀರಾ ಅಗತ್ಯವಿದ್ದರೆ ಮಾತ್ರ ಮುಟ್ಟಿ.

ನಿಮ್ಮದು ವ್ಯವಹಾರದ ಟ್ರಾನ್ಸಾಕ್ಷನ್ ಆಗಿರದೆ, ರಾತ್ರಿ ಪಾಳಿಯಲ್ಲಿ ಒಂದು ಜಾಬ್ (ಹಿನ್ನೆಲೆಯಲ್ಲಿ ನಡೆಯುವ ಕೆಲಸ) ಮುಗಿಯಿತೇ ಎಂದು ನೋಡುವ ಕೆಲಸವಾಗಿದ್ದರೆ ಪರದೆಯ ಗೊಡವೆಯೇ ಬೇಡ. ಜೆಡ್/ಓಎಸ್ ಜೊತೆಗೇ ಬರುವ ಜೆಡ್/ಓಎಸ್‌ಎಂಎಫ್ ಎಂಬ ವೆಬ್ ಘಟಕವು ಜಾಬ್‌ಗಳ ಸ್ಥಿತಿಯನ್ನೂ ಡೇಟಾಸೆಟ್ ಎಂಬ ಕಡತಗಳನ್ನೂ ಎಪಿಐ ಮೂಲಕ, ಅಂದರೆ ಒಂದು ಪ್ರೋಗ್ರಾಂ ಇನ್ನೊಂದನ್ನು ನೇರವಾಗಿ ಕೇಳುವ ದಾರಿಯ ಮೂಲಕ, ಕೊಡುತ್ತದೆ. ಅದನ್ನು ಕರೆಯುವ ಒಂದು ಪುಟ್ಟ ಪುಟ ಬರೆದರೆ ಸಾಕು.

ಹಂತ 2: ಹಸಿರು ಪರದೆಯ ನಡವಳಿಕೆಯನ್ನು ಅರಿಯಿರಿ

ವೆಬ್ ಡೆವಲಪರ್‌ಗಳು ಈ ಹಂತವನ್ನು ದಾಟಿ ಮುಂದೆ ಹೋಗುತ್ತಾರೆ, ಆಮೇಲೆ ಎಲ್ಲ ತೊಂದರೆಗಳೂ ಇಲ್ಲಿಂದಲೇ ಹುಟ್ಟುತ್ತವೆ. ದಯವಿಟ್ಟು ನಿಧಾನವಾಗಿ ಓದಿ.

ಐಬಿಎಂ 1971ರಲ್ಲಿ ತಂದ 3270 ಟರ್ಮಿನಲ್‌ನಲ್ಲಿ ನಾವು ಒತ್ತುವ ಒಂದೊಂದು ಅಕ್ಷರವೂ ಮೇನ್‌ಫ್ರೇಮ್‌ಗೆ ಹೋಗುವುದಿಲ್ಲ. ಮೇನ್‌ಫ್ರೇಮ್ ಒಂದು ಇಡೀ ಪರದೆಯನ್ನು ಕಳುಹಿಸುತ್ತದೆ. ಅದರಲ್ಲಿ ತಿದ್ದಬಹುದಾದ ಮತ್ತು ತಿದ್ದಲಾಗದ ಅಂಕಣಗಳು, ಅಂದರೆ ಫೀಲ್ಡ್‌ಗಳು, ಇರುತ್ತವೆ. ನಾವು ತುಂಬುವಷ್ಟು ಹೊತ್ತೂ ಟರ್ಮಿನಲ್ ಸುಮ್ಮನಿದ್ದು, ಎಂಟರ್ ಅಥವಾ ನಿರ್ದಿಷ್ಟ ಕೆಲಸಗಳಿಗೆಂದಿರುವ ಪಿಎಫ್ ಕೀಲಿ ಒತ್ತಿದಾಗ ಮಾತ್ರ ತಿದ್ದುಪಡಿಯಾದ ಫೀಲ್ಡ್‌ಗಳನ್ನು ಒಟ್ಟಿಗೆ ಕಳುಹಿಸುತ್ತದೆ. ವೆಬ್ ಫಾರ್ಮ್ ತುಂಬಿ ಗುಂಡಿ ಒತ್ತುವ ಕ್ರಮವನ್ನೇ ಇದು ಹೋಲುತ್ತದೆ. ವೆಬ್ ಹುಟ್ಟುವುದಕ್ಕೆ ಸುಮಾರು ಎರಡು ದಶಕ ಮೊದಲೇ ಈ ಕ್ರಮ ಬಳಕೆಯಲ್ಲಿತ್ತು ಎಂಬುದು ನನಗೆ ಇಂದಿಗೂ ಮೆಚ್ಚುಗೆಯ ಸಂಗತಿ. ಈ ಹೋಲಿಕೆಯಿಂದಾಗಿಯೇ ಹಸಿರು ಪರದೆಯನ್ನು ವೆಬ್ ಪುಟವಾಗಿಸುವುದು ಸಾಧ್ಯವಾಗಿದೆ.

ಆದರೆ ಕೆಲವು ವ್ಯತ್ಯಾಸಗಳು ಕಾಲಿಗೆ ತೊಡರುತ್ತವೆ. ಮೊದಲನೆಯದಾಗಿ, ಪಿಎ ಕೀಲಿಗಳು ಮತ್ತು ಕ್ಲಿಯರ್ ಕೀಲಿ ‘ನಾನು ಒತ್ತಲ್ಪಟ್ಟೆ’ ಎಂಬ ಸುದ್ದಿಯನ್ನಷ್ಟೇ ಕಳುಹಿಸುತ್ತವೆ. ತುಂಬಿದ ಮಾಹಿತಿ ಹೋಗುವುದೇ ಇಲ್ಲ. ನಿಮ್ಮ ವೆಬ್ ಪುಟದ ಗುಂಡಿಯೊಂದನ್ನು ಇವಕ್ಕೆ ಜೋಡಿಸಿದರೆ ಬಳಕೆದಾರರು ಬರೆದದ್ದು ಕಾಣೆಯಾಗುತ್ತದೆ. ಎರಡನೆಯದಾಗಿ, ಕೀಲಿ ಒತ್ತಿದ ಮೇಲೆ ಉತ್ತರ ಬರುವವರೆಗೆ ಟರ್ಮಿನಲ್‌ನ ಕೀಲಿಮಣೆ ಬೀಗ ಹಾಕಿಕೊಳ್ಳುತ್ತದೆ. ಫೋನಿನ ಪುಟದಲ್ಲಿ ಇಂಥ ಬೀಗ ತಾನಾಗಿ ಬರುವುದಿಲ್ಲ, ನೀವೇ ಹಾಕಬೇಕು. ಮೂರನೆಯದಾಗಿ, ಪ್ರತಿ ಫೀಲ್ಡ್‌ನ ಮುಂದೆ ಅದರ ಗುಣಗಳನ್ನು ಹೇಳುವ ಒಂದು ಬೈಟ್ ಇರುತ್ತದೆ, ಅದು ಪರದೆಯ ಮೇಲೆ ಖಾಲಿ ಜಾಗವಾಗಿ ಕಾಣುತ್ತದೆ. ಕಾಲಂ ಎಣಿಸುವಾಗ ಒಂದು ಮನೆ ತಪ್ಪುವುದಕ್ಕೆ ಬಹುತೇಕ ಇದೇ ಕಾರಣ.

ಇನ್ನೊಂದು ಮುಖ್ಯ ಪರಿಭಾಷೆ ಸೂಡೋ ಕನ್ವರ್ಸೇಶನಲ್. ಬಳಕೆದಾರರು ಯೋಚಿಸುತ್ತ ಕುಳಿತಿರುವಷ್ಟು ಹೊತ್ತು ಪ್ರೋಗ್ರಾಂ ಕಾಯುತ್ತ ನಿಲ್ಲುವುದಿಲ್ಲ ಎಂಬುದು ಇದರ ಅರ್ಥ. ಪರದೆಯನ್ನು ಕಳುಹಿಸಿದ ಕೂಡಲೇ ಅದು ಮುಗಿದುಹೋಗಿ, ‘ಈ ಟರ್ಮಿನಲ್‌ನಿಂದ ಮುಂದಿನ ಬಾರಿ ಏನಾದರೂ ಬಂದರೆ ಇಂಥ ಟ್ರಾನ್ಸಾಕ್ಷನ್ ಶುರುಮಾಡು’ ಎಂದು ಸಿಐಸಿಎಸ್‌ಗೆ ಹೇಳಿ, ಬೇಕಾದ ನೆನಪುಗಳನ್ನು ಕಾಮ್‌ಏರಿಯಾ ಎಂಬ ಚೀಲದಲ್ಲಿ ಇಟ್ಟು ಹೋಗುತ್ತದೆ. ಆ ಚೀಲ ಟರ್ಮಿನಲ್‌ಗೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಒಬ್ಬರು ಅರ್ಧಕ್ಕೆ ಬಿಟ್ಟ ಟರ್ಮಿನಲ್ ಸಂಪರ್ಕವನ್ನು ನಿಮ್ಮ ಸರ್ವರ್ ಇನ್ನೊಬ್ಬರಿಗೆ ಕೊಟ್ಟರೆ, ಮೊದಲಿನವರ ಸರಕಿನ ವಿವರ ಎರಡನೆಯವರ ಫೋನಿನಲ್ಲಿ ತೆರೆದುಕೊಳ್ಳುವ ಅಪಾಯವಿದೆ.

ಹಂತ 3: ಮೂರು ದಾರಿಗಳಲ್ಲಿ ಒಂದನ್ನು ಆರಿಸಿ

ಮೊದಲ ದಾರಿ ಬ್ರೌಸರ್‌ನಲ್ಲೇ ನಡೆಯುವ ಟರ್ಮಿನಲ್ ಎಮ್ಯುಲೇಟರ್, ಅಂದರೆ ಹಸಿರು ಪರದೆಯನ್ನು ಇದ್ದಹಾಗೆಯೇ ತೋರಿಸುವ ಪುಟ. ಓಪನ್ ಮೇನ್‌ಫ್ರೇಮ್ ಪ್ರಾಜೆಕ್ಟ್ 2018ರಲ್ಲಿ ಪ್ರಕಟಿಸಿದ ಜೋವೆ ಎಂಬ ಮುಕ್ತ ತಂತ್ರಾಂಶದ ವೆಬ್ ಡೆಸ್ಕ್‌ಟಾಪ್‌ನಲ್ಲಿ ಇಂಥದ್ದೊಂದು ಇದೆ. ಮೇನ್‌ಫ್ರೇಮ್ ಬಲ್ಲವರು ತುರ್ತಿನಲ್ಲಿ ಒಂದು ಆಜ್ಞೆ ಕೊಡಲು ಇದು ಸರಿ. ಬೇರೆಯವರ ಕೈಗೆ ಇದನ್ನು ಕೊಡಬೇಡಿ. ಜಾವಾ ಆ್ಯಪ್ಲೆಟ್ ಆಧರಿಸಿದ ಹಳೆಯ ಎಮ್ಯುಲೇಟರ್ ನಿಮ್ಮ ಸಂಸ್ಥೆಯಲ್ಲಿದ್ದರೆ ಅದು ಫೋನಿನ ಬ್ರೌಸರ್‌ನಲ್ಲಿ ತೆರೆಯುವುದೇ ಇಲ್ಲ ಎಂಬುದನ್ನೂ ನೆನಪಿಡಿ.

ಎರಡನೆಯದು ಪರದೆಯ ರೂಪಾಂತರ. ನಡುವಿನ ಸರ್ವರ್ ತಾನೇ ಟರ್ಮಿನಲ್‌ನಂತೆ ವರ್ತಿಸಿ, ಬಂದ ಪರದೆಯಿಂದ ಬೇಕಾದ ಫೀಲ್ಡ್‌ಗಳನ್ನು ಮಾತ್ರ ಓದಿ, ಫೋನಿಗೆ ಒಪ್ಪುವ ಪುಟವಾಗಿ ಬಡಿಸುತ್ತದೆ. ಐಬಿಎಂನ ಹೋಸ್ಟ್ ಆ್ಯಕ್ಸೆಸ್ ಟ್ರಾನ್ಸ್‌ಫರ್ಮೇಶನ್ ಸರ್ವಿಸಸ್, ಅಂದರೆ ಹ್ಯಾಟ್ಸ್, ಹುಟ್ಟಿದ್ದೇ ಈ ಕೆಲಸಕ್ಕೆ. ಮೇನ್‌ಫ್ರೇಮ್ ಬದಿಯಲ್ಲಿ ಒಂದು ಸಾಲನ್ನೂ ಬದಲಿಸಬೇಕಾಗಿಲ್ಲ ಎಂಬುದು ಇದರ ದೊಡ್ಡ ಅನುಕೂಲ. ಯಾರೋ ಪರದೆಯಲ್ಲಿ ಒಂದು ಫೀಲ್ಡನ್ನು ಎರಡು ಕಾಲಂ ಸರಿಸಿದರೂ ನಿಮ್ಮ ಪುಟ ತಪ್ಪು ಮಾಹಿತಿ ತೋರಿಸತೊಡಗುತ್ತದೆ ಎಂಬುದು ಅಷ್ಟೇ ದೊಡ್ಡ ಅನಾನುಕೂಲ.

ಮೂರನೆಯದು ಪರದೆಯನ್ನು ಬದಿಗಿಟ್ಟು, ಅದರ ಹಿಂದಿರುವ ಪ್ರೋಗ್ರಾಂ ಅನ್ನೇ ಎಪಿಐ ಮೂಲಕ ಕರೆಯುವುದು. ಸಿಐಸಿಎಸ್‌ನಲ್ಲೇ ಇದಕ್ಕೆ ಸೌಲಭ್ಯವಿದೆ. ಜೆಡ್/ಓಎಸ್ ಕನೆಕ್ಟ್ ಎಂಬ ಪ್ರತ್ಯೇಕ ಉತ್ಪನ್ನವೂ ಇದೆ. ಫೋನಿನ ಪುಟ ಕಳುಹಿಸುವ ಜೇಸನ್ ಬರಹವನ್ನು, ಅಂದರೆ ಹೆಸರು ಮತ್ತು ಮೌಲ್ಯಗಳ ಜೋಡಿಗಳಾಗಿ ಬರೆದ ಸರಳ ಪಠ್ಯವನ್ನು, ಇವು ಕಾಪಿಬುಕ್‌ನ ಆಕಾರಕ್ಕೆ ಪರಿವರ್ತಿಸಿ ಕೋಬಾಲ್ ಪ್ರೋಗ್ರಾಂಗೆ ಒಪ್ಪಿಸುತ್ತವೆ. ಇದಕ್ಕೆ ಒಂದು ಷರತ್ತಿದೆ: ಪರದೆ ಕಳುಹಿಸುವ ಕೆಲಸ ಮತ್ತು ಲೆಕ್ಕಾಚಾರದ ಕೆಲಸ ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಇರಬೇಕು. ದತ್ತಾಂಶ ಓದುವ ಪ್ರೋಗ್ರಾಂ ಒಳಗೇ ‘ಸೆಂಡ್ ಮ್ಯಾಪ್’ ಎಂಬ ಆಜ್ಞೆಯೂ ಇದ್ದರೆ ಮೊದಲು ಅದನ್ನು ಎರಡಾಗಿ ಬೇರ್ಪಡಿಸಬೇಕಾಗುತ್ತದೆ.

ಬೇರ್ಪಡಿಸುವ ಕೆಲಸಕ್ಕೆ ಸಮಯ ಕೊಡಿ ಎಂದು ಮೇಲಿನವರನ್ನು ಒತ್ತಾಯಿಸಿ ಎಂಬುದೇ ನನ್ನ ಸಲಹೆ. ಎರಡನೆಯ ದಾರಿಯನ್ನು ತಾತ್ಕಾಲಿಕವೆಂದು ಹಿಡಿಯುವುದಾದರೆ, ಅದು ಎಂದು ಮುಗಿಯಬೇಕು ಎಂಬ ದಿನಾಂಕವನ್ನು ಮೊದಲ ದಿನವೇ ಬರೆದಿಡಿ. ಇಲ್ಲವಾದರೆ ತಾತ್ಕಾಲಿಕವೇ ಶಾಶ್ವತವಾಗಿ ಉಳಿಯುತ್ತದೆ.

ಹಂತ 4: ದಾರಿಗೆ ಬಾಗಿಲು, ಬಾಗಿಲಿಗೆ ಬೀಗ

ಟರ್ಮಿನಲ್‌ನ ಮಾತುಕತೆಯನ್ನು ಇಂಟರ್ನೆಟ್ ಮಾದರಿಯ ಜಾಲದ ಮೇಲೆ ಸಾಗಿಸುವ ನಿಯಮಾವಳಿಗೆ ಟಿಎನ್3270 ಎಂದು ಹೆಸರು. ಅದರ ಮೂಲ ರೂಪದಲ್ಲಿ ಗೂಢಲಿಪಿ ಇಲ್ಲ. ಪಾಸ್‌ವರ್ಡ್ ಕೂಡ ಸುಲಭವಾಗಿ ಓದಬಹುದಾದ ರೂಪದಲ್ಲೇ ಹೋಗುತ್ತದೆ. ಪೋರ್ಟ್ 23ರಲ್ಲಿ ಕಾಣುವುದು ಹೆಚ್ಚಾಗಿ ಈ ರೂಪವೇ. ಟಿಎಲ್‌ಎಸ್ ಎಂಬ ಗೂಢಲಿಪಿಯ ಹೊದಿಕೆ ಹಾಕಿದ ರೂಪಕ್ಕೆ ಸಾಮಾನ್ಯವಾಗಿ ಪೋರ್ಟ್ 992 ಬಳಸುತ್ತಾರೆ. ಯಾವ ಪೋರ್ಟ್ ಆದರೂ ಸರಿ, ಮೇನ್‌ಫ್ರೇಮ್‌ನ ಟಿಎನ್3270 ಬಾಗಿಲನ್ನು ಇಂಟರ್ನೆಟ್‌ಗೆ ನೇರವಾಗಿ ತೆರೆಯಬೇಡಿ. ಫೋನು ಮಾತನಾಡಬೇಕಾದದ್ದು ನಡುವಿನ ವೆಬ್ ಸರ್ವರ್ ಜೊತೆಗೆ ಮಾತ್ರ. ಆ ಸರ್ವರ್ ಸಂಸ್ಥೆಯ ವಿಪಿಎನ್ ಅಥವಾ ಅದಕ್ಕೆ ಸಮನಾದ ರಕ್ಷಣೆಯ ಹಿಂದಿರಬೇಕು. ಅಲ್ಲಿಂದ ಮೇನ್‌ಫ್ರೇಮ್‌ವರೆಗಿನ ಹಾದಿಯೂ ಟಿಎಲ್‌ಎಸ್‌ನಲ್ಲೇ ಇರಬೇಕು. ‘ಒಳಗಿನ ಜಾಲ ತಾನೇ’ ಎಂದು ಈ ಕೊನೆಯ ತುಣುಕನ್ನು ತೆರೆದಿಡುವ ತಪ್ಪು ಬಹಳ ಸಾಮಾನ್ಯ.

ಗುರುತಿನ ವಿಚಾರದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಜೆಡ್/ಓಎಸ್‌ನಲ್ಲಿ ಯಾರಿಗೆ ಏನನ್ನು ಮುಟ್ಟುವ ಹಕ್ಕಿದೆ ಎಂಬುದನ್ನು ಬಹಳ ಕಡೆ ರ್‍ಯಾಕ್‌ಎಫ್ ಎಂಬ ಭದ್ರತಾ ತಂತ್ರಾಂಶ ನಿರ್ಧರಿಸುತ್ತದೆ. ಎಲ್ಲ ಫೋನ್ ಬಳಕೆದಾರರಿಗೂ ಒಂದೇ ಸಾಮಾನ್ಯ ಐಡಿ ಇಟ್ಟುಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಸರಕಿಗೆ ಒಪ್ಪಿಗೆ ಕೊಟ್ಟವರು ಯಾರೆಂದು ಲೆಕ್ಕಪರಿಶೋಧಕರು ಕೇಳಿದಾಗ ದಾಖಲೆಯಲ್ಲಿ ಸಿಗುವುದು ಆ ಒಂದೇ ಐಡಿ. ಪ್ರತಿಯೊಬ್ಬರ ಗುರುತೂ ಮೇನ್‌ಫ್ರೇಮ್‌ವರೆಗೆ ತಲುಪುವಂತೆ ಮಾಡಿ. ಹಾಗೆಂದು ಅವರ ಪಾಸ್‌ವರ್ಡ್‌ಗಳನ್ನು ನಡುವಿನ ಸರ್ವರ್‌ನಲ್ಲಿ ಉಳಿಸಿಡಬಾರದು. ಇದಕ್ಕಾಗಿಯೇ ಪಾಸ್‌ಟಿಕೆಟ್ ಎಂಬ ಸೌಲಭ್ಯವಿದೆ: ಬಳಕೆದಾರರು ವೆಬ್ ಬದಿಯಲ್ಲಿ ಎರಡು ಹಂತದ ದೃಢೀಕರಣ ಮುಗಿಸಿದ ಮೇಲೆ, ಸರ್ವರ್ ಅವರ ಹೆಸರಿನಲ್ಲಿ ಸುಮಾರು ಹತ್ತು ನಿಮಿಷ ಮಾತ್ರ ಬಾಳುವ ಬದಲಿ ಪಾಸ್‌ವರ್ಡ್ ಒಂದನ್ನು ತಯಾರಿಸಿ ರ್‍ಯಾಕ್‌ಎಫ್‌ಗೆ ತೋರಿಸುತ್ತದೆ. ಟಿಕೆಟ್ ತಯಾರಿಸುವ ರಹಸ್ಯ ಕೀಲಿಯನ್ನು ಕಾಯುವುದು ಈಗ ನಿಮ್ಮ ಹೊಣೆಯಾಗುತ್ತದೆ, ಎರಡೂ ಯಂತ್ರಗಳ ಗಡಿಯಾರಗಳು ಹೊಂದಿಕೆಯಾಗಿರಬೇಕು ಎಂಬುದನ್ನೂ ಮರೆಯಬೇಡಿ.

ಫೋನಿನ ಬ್ರೌಸರ್ ಹಳೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡು ತಾನಾಗಿ ತುಂಬುವುದು ಇಲ್ಲಿ ಕಾಡುವ ಇನ್ನೊಂದು ತೊಂದರೆ. ಮೂರೋ ನಾಲ್ಕೋ ಸಲ ತಪ್ಪಾದರೆ ರ್‍ಯಾಕ್‌ಎಫ್ ಆ ಐಡಿಯನ್ನೇ ರದ್ದು ಸ್ಥಿತಿಗೆ ತಳ್ಳುತ್ತದೆ. ಆಗ ಫೋನು ಮಾತ್ರವಲ್ಲ, ಮೇಜಿನ ಮೇಲಿನ ಕೆಲಸವೂ ನಿಲ್ಲುತ್ತದೆ. ಭಾರತದ ಸಂಸ್ಥೆಗಳಾದರೆ, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಉಳಿಸಿಡಬೇಕು; ನಡುವಿನ ಸರ್ವರ್‌ನ ಲಾಗ್ ಕೂಡ ಈ ಲೆಕ್ಕದಲ್ಲಿ ಬರಬೇಕೆಂದು ಭದ್ರತಾ ತಂಡಕ್ಕೆ ಮೊದಲೇ ತಿಳಿಸಿ.

ಹಂತ 5: ಜೋಡಣೆ

ಪರದೆಯ ರೂಪಾಂತರವನ್ನು ಆರಿಸಿದ್ದರೆ ಅಭ್ಯಾಸಕ್ಕೆ ಎಸ್3270 ಎಂಬ ಮುಕ್ತ ತಂತ್ರಾಂಶವನ್ನು ಬಳಸಿ. ಇದು ಪರದೆ ಇಲ್ಲದ ಟರ್ಮಿನಲ್: ನಿಮ್ಮ ಪ್ರೋಗ್ರಾಂ ‘ಈ ಅಕ್ಷರಗಳನ್ನು ಬರೆ’, ‘ಎಂಟರ್ ಒತ್ತು’, ‘ಪರದೆಯ ಈ ಭಾಗವನ್ನು ಓದು’ ಎಂದು ಆಜ್ಞಾಪಿಸಿದಂತೆ ಮಾಡುತ್ತದೆ. ಈ ಆಜ್ಞೆಗಳನ್ನು ಎಚ್‌ಟಿಟಿಪಿ ಮೂಲಕ ಸ್ವೀಕರಿಸುವ ಆಯ್ಕೆಯೂ ಅದರಲ್ಲಿದೆ; ಆ ಪೋರ್ಟ್ ಅದೇ ಯಂತ್ರದೊಳಗೆ ಮಾತ್ರ ಕಾಣುವಂತಿರಲಿ, ಫೋನಿಗೆ ಎಂದಿಗೂ ಕಾಣಬಾರದು.

ನಿಮ್ಮ ಪ್ರೋಗ್ರಾಂ ಅನುಸರಿಸಬೇಕಾದ ಶಿಸ್ತು ಹೀಗಿದೆ. ಪ್ರತಿ ಕೀಲಿಯ ಬಳಿಕ ಕೀಲಿಮಣೆಯ ಬೀಗ ತೆರೆಯುವವರೆಗೆ ಕಾಯಬೇಕು. ‘ಎರಡು ಸೆಕೆಂಡ್ ನಿಲ್ಲು’ ಎಂದು ಕುರುಡಾಗಿ ಕಾಯುವ ಕ್ರಮ ಪರೀಕ್ಷೆಯಲ್ಲಿ ಗೆದ್ದು, ತಿಂಗಳ ಕೊನೆಯ ದಟ್ಟಣೆಯಲ್ಲಿ ಸೋಲುತ್ತದೆ. ಅನಂತರ, ಬಂದಿರುವುದು ನಾವು ನಿರೀಕ್ಷಿಸಿದ ಪರದೆಯೇ ಎಂದು ಅದರ ಶೀರ್ಷಿಕೆ ಅಥವಾ ಮ್ಯಾಪ್‌ನ ಹೆಸರನ್ನು ನೋಡಿ ಖಚಿತಪಡಿಸಿಕೊಂಡ ಮೇಲೆಯೇ ಓದಬೇಕು. ಪ್ರೋಗ್ರಾಂ ಮುರಿದುಬಿದ್ದರೆ, ಅಂದರೆ ಅಬೆಂಡ್ ಆದರೆ, ಸಿಐಸಿಎಸ್ ಎಎಸ್‌ಆರ್‌ಎ ಎಂಬಂಥ ಸಂಕೇತವಿರುವ ಒಂದು ಸಾಲನ್ನು ತೋರಿಸುತ್ತದೆ. ಅದನ್ನು ಗುರುತಿಸದ ಪ್ರೋಗ್ರಾಂ ಆ ಸಾಲಿನ ತುಂಡನ್ನೇ ದಾಸ್ತಾನಿನ ಪ್ರಮಾಣವೆಂದು ಫೋನಿಗೆ ಕಳುಹಿಸಿಬಿಡಬಹುದು. ಮನೆಯ ಎಂವಿಎಸ್‌ನಲ್ಲಿ ಅಭ್ಯಾಸ ಮಾಡುವವರು ಪರದೆಯ ಕೆಳಗೆ ಮೂರು ನಕ್ಷತ್ರ ಚಿಹ್ನೆಗಳು ಬಂದು ಎಲ್ಲವೂ ನಿಂತಂತೆ ಕಂಡರೆ ಗಾಬರಿಯಾಗಬೇಡಿ. ಅದು ಎಂಟರ್‌ಗಾಗಿ ಕಾಯುತ್ತಿದೆ ಅಷ್ಟೇ. ಒಬ್ಬರ ಕೆಲಸ ಮುಗಿದ ಮೇಲೆ ಸಂಪರ್ಕವನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ಸೈನ್ ಆಫ್ ಮಾಡಿಸಿ. ಸಾಧ್ಯವಾದರೆ ಹೊಸ ಸಂಪರ್ಕವನ್ನೇ ತೆರೆಯಿರಿ.

ಎಪಿಐ ದಾರಿಯಲ್ಲಿ ಪರದೆಯ ಕಾಟ ತಪ್ಪುತ್ತದೆ, ಆದರೆ ಅಂಕಿಗಳ ಕಾಟ ಶುರುವಾಗುತ್ತದೆ. ಕೋಬಾಲ್‌ನಲ್ಲಿ ಹಣದ ಮೊತ್ತಗಳನ್ನು ಹೆಚ್ಚಾಗಿ ಪ್ಯಾಕ್ಡ್ ಡೆಸಿಮಲ್ ರೂಪದಲ್ಲಿ, ಅಂದರೆ ಒಂದು ಬೈಟಿನಲ್ಲಿ ಎರಡು ಅಂಕಿಗಳಂತೆ, ಇಡುತ್ತಾರೆ. ದಶಾಂಶ ಬಿಂದು ಎಲ್ಲಿದೆ ಎಂಬುದು ದತ್ತಾಂಶದಲ್ಲಿ ಇರುವುದಿಲ್ಲ, ಕಾಪಿಬುಕ್‌ನಲ್ಲಿ ಮಾತ್ರ ಇರುತ್ತದೆ. ಹಳೆಯ ಕಾಪಿಬುಕ್ ಬಳಸಿದರೆ ರೂಪಾಯಿ ಪೈಸೆಯಾಗುತ್ತದೆ, ಪೈಸೆ ರೂಪಾಯಿಯಾಗುತ್ತದೆ. ಇನ್ನು ಬ್ರೌಸರ್‌ನ ಜಾವಾಸ್ಕ್ರಿಪ್ಟ್ ಸಾಮಾನ್ಯ ಸಂಖ್ಯೆಗಳನ್ನು 9007199254740991ರವರೆಗೆ ಮಾತ್ರ ತಪ್ಪಿಲ್ಲದೆ ಹಿಡಿಯಬಲ್ಲದು. ಕೋಬಾಲ್‌ನ 18 ಅಂಕಿಯ ಖಾತೆ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಕಳುಹಿಸಿದರೆ ಕೊನೆಯ ಅಂಕಿಗಳು ಸದ್ದಿಲ್ಲದೆ ಬದಲಾಗಬಹುದು. ಸೊನ್ನೆಯಿಂದ ಆರಂಭವಾಗುವ ಸಂಖ್ಯೆಯಾದರೆ ಆ ಸೊನ್ನೆಯೂ ಹೋಗುತ್ತದೆ. ಖಾತೆ, ಸರಕು, ಬಿಲ್ಲು ಮುಂತಾದ ಗುರುತಿನ ಸಂಖ್ಯೆಗಳನ್ನು ಯಾವಾಗಲೂ ಪಠ್ಯವಾಗಿಯೇ (ಸ್ಟ್ರಿಂಗ್) ಕಳುಹಿಸಿ.

ಹಂತ 6: ಬೆರಳಿಗೆ ಒಪ್ಪುವ ಪುಟ, ಕನ್ನಡದ ಪಠ್ಯ

ಪುಟವನ್ನು ಒಂದೇ ಕಾಲಂನಲ್ಲಿ ಕಟ್ಟಿ. ಪಿಎಫ್3, ಪಿಎಫ್8 ಎಂಬ ಹೆಸರುಗಳ ಬದಲು ‘ಹಿಂದಕ್ಕೆ’, ‘ಮುಂದಿನ ಪುಟ’ ಎಂದು ಕೆಲಸದ ಹೆಸರನ್ನೇ ಗುಂಡಿಯ ಮೇಲೆ ಬರೆಯಿರಿ. ತುಂಬುವ ಪೆಟ್ಟಿಗೆಗಳ ಫಾಂಟ್ 16 ಪಿಕ್ಸೆಲ್‌ಗಿಂತ ಕಡಿಮೆ ಇದ್ದರೆ ಐಫೋನಿನ ಬ್ರೌಸರ್ ಪುಟವನ್ನು ತಾನಾಗಿ ಹಿಗ್ಗಿಸಿ ಕಿರಿಕಿರಿ ಮಾಡುತ್ತದೆ. ಅಕ್ಷರ ತಿದ್ದುವಿಕೆ, ಮೊದಲಕ್ಷರ ದೊಡ್ಡದಾಗಿಸುವಿಕೆ ಇವೆರಡನ್ನೂ ಪೆಟ್ಟಿಗೆಗಳಲ್ಲಿ ನಿಲ್ಲಿಸಿ. ನೇರ ಉದ್ಧರಣ ಚಿಹ್ನೆಯನ್ನು ಫೋನು ಬಾಗಿದ ಚಿಹ್ನೆಯಾಗಿ ಬದಲಿಸುತ್ತದೆ. ಬಾಗಿದ ಚಿಹ್ನೆ ಮೇನ್‌ಫ್ರೇಮ್‌ನ ರೂಢಿಯ ಅಕ್ಷರ ಸಂಕೇತದಲ್ಲಿ ಇಲ್ಲ.

ಆ ಸಂಕೇತ ಪದ್ಧತಿಯ ಹೆಸರು ಎಬ್ಸಿಡಿಕ್. ಅದರಲ್ಲೂ ಬೇರೆ ಬೇರೆ ಕೋಡ್‌ಪೇಜ್‌ಗಳು, ಅಂದರೆ ಯಾವ ಅಕ್ಷರಕ್ಕೆ ಯಾವ ಸಂಕೇತವೆಂದು ಹೇಳುವ ಪಟ್ಟಿಗಳು, ಇವೆ. 037 ಮತ್ತು 1047 ಎಂಬ ಎರಡರಲ್ಲಿ ಚೌಕ ಆವರಣ ಚಿಹ್ನೆಗಳ ಜಾಗವೇ ಬೇರೆ. ಫೋನಿನಲ್ಲಿ ಆವರಣ ಚಿಹ್ನೆಯ ಬದಲು ವಿಚಿತ್ರ ಗುರುತು ಕಂಡರೆ ಮೊದಲು ನೋಡಬೇಕಾದದ್ದು ಇದನ್ನೇ. ಈ ಕೋಡ್‌ಪೇಜ್‌ಗಳಲ್ಲಿ ಕನ್ನಡ ಲಿಪಿ ಇಲ್ಲ. ಆದ್ದರಿಂದ ಶೀರ್ಷಿಕೆ, ಗುಂಡಿ, ದೋಷ ಸಂದೇಶಗಳ ಕನ್ನಡವನ್ನು ನಡುವಿನ ಸರ್ವರ್‌ನಲ್ಲಿಡಿ. ಮೇನ್‌ಫ್ರೇಮ್‌ನಿಂದ ಸಂದೇಶದ ಸಂಖ್ಯೆಯನ್ನು ಮಾತ್ರ ತರಿಸಿಕೊಂಡು ಅದಕ್ಕೆ ತಕ್ಕ ಕನ್ನಡ ವಾಕ್ಯವನ್ನು ತೋರಿಸಿ. ಹೆಸರು, ವಿಳಾಸಗಳನ್ನು ಕನ್ನಡದಲ್ಲೇ ಉಳಿಸಬೇಕಿದ್ದರೆ ಡಿಬಿ2 ಎಂಬ ಐಬಿಎಂ ಡೇಟಾಬೇಸ್‌ನಲ್ಲಿ ಯೂನಿಕೋಡ್ ಕೋಷ್ಟಕ ಬೇಕಾಗುತ್ತದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್; ‘ಕನ್ನಡ’ ಎಂಬ ಪದದಲ್ಲಿ ಒತ್ತಕ್ಷರದ ಹಲಂತವೂ ಸೇರಿ ಐದು ಸಂಕೇತಗಳಿರುವುದರಿಂದ ಅದಕ್ಕೇ 15 ಬೈಟ್ ಬೇಕು. 30 ಬೈಟಿನ ಹೆಸರಿನ ಫೀಲ್ಡ್ ಎಷ್ಟು ಬೇಗ ತುಂಬಿಹೋಗುತ್ತದೆಂದು ನೀವೇ ಲೆಕ್ಕ ಹಾಕಿ. ಇನ್ನೊಂದು ಮಾತು: ಕನ್ನಡ ಕೀಲಿಮಣೆಯಿಂದ ೧೨೩ ಎಂದು ಬರೆಯುವವರಿದ್ದಾರೆ. ಅದನ್ನು ತಪ್ಪೆಂದು ತಿರಸ್ಕರಿಸಬೇಡಿ. ಸರ್ವರ್‌ನಲ್ಲೇ 123 ಎಂದು ಬದಲಿಸಿ ಮುಂದೆ ಕಳುಹಿಸಿ.

ಹಂತ 7: ನಡುವೆ ಕಡಿದುಹೋದಾಗ

ಮೇಜಿನ ಟರ್ಮಿನಲ್‌ನ ಸಂಪರ್ಕ ಗಂಟೆಗಟ್ಟಲೆ ಕಡಿಯುವುದಿಲ್ಲ. ಫೋನಿನದು ಲಿಫ್ಟ್ ಹತ್ತಿದರೆ ಕಡಿಯುತ್ತದೆ, ಕರೆ ಬಂದರೆ ಪುಟ ಹಿನ್ನೆಲೆಗೆ ಸರಿದು ನಿದ್ರಿಸುತ್ತದೆ. ‘ಒಪ್ಪಿಗೆ’ ಗುಂಡಿ ಒತ್ತಿದಾಗ ಕೋರಿಕೆ ಮೇನ್‌ಫ್ರೇಮ್ ತಲುಪಿ, ದಾಸ್ತಾನು ಏರಿ, ಉತ್ತರ ಮಾತ್ರ ಮರಳಿ ಬರದೆ ಹೋಗಬಹುದು. ಬಳಕೆದಾರರು ಮತ್ತೆ ಒತ್ತುತ್ತಾರೆ, ದಾಸ್ತಾನು ಎರಡು ಸಲ ಏರುತ್ತದೆ.

ಗುಂಡಿಯನ್ನು ಮಂಕಾಗಿಸುವುದರಿಂದ ಇದು ಪೂರ್ತಿ ನಿಲ್ಲುವುದಿಲ್ಲ. ಪುಟ ತೆರೆದಾಗಲೇ ಒಂದು ಅನನ್ಯ ಕೋರಿಕೆ ಸಂಖ್ಯೆಯನ್ನು ಸೃಷ್ಟಿಸಿ, ಪ್ರತಿ ಪ್ರಯತ್ನದಲ್ಲೂ ಅದೇ ಸಂಖ್ಯೆಯನ್ನು ಕಳುಹಿಸಿ. ಮೇನ್‌ಫ್ರೇಮ್ ಬದಿಯ ಪ್ರೋಗ್ರಾಂ ಈ ಸಂಖ್ಯೆಯನ್ನು ಒಂದು ಕೋಷ್ಟಕದಲ್ಲಿ ಬರೆಯಬೇಕು. ಅದೇ ಸಂಖ್ಯೆ ಮತ್ತೆ ಬಂದರೆ ಕೆಲಸವನ್ನು ಮರಳಿ ಮಾಡದೆ ಹಿಂದಿನ ಫಲಿತಾಂಶವನ್ನೇ ಹಿಂತಿರುಗಿಸಬೇಕು. ಸಂಖ್ಯೆ ಬರೆಯುವುದು ಮತ್ತು ದಾಸ್ತಾನು ಏರಿಸುವುದು ಎರಡೂ ಒಂದೇ ಯೂನಿಟ್ ಆಫ್ ವರ್ಕ್‌ನಲ್ಲಿ, ಅಂದರೆ ಉಳಿದರೆ ಎರಡೂ ಉಳಿಯುವ, ಅಳಿದರೆ ಎರಡೂ ಅಳಿಯುವ ಒಂದೇ ಗಂಟಿನಲ್ಲಿ ಇರಬೇಕೆಂಬುದು ಇಲ್ಲಿಯ ಮರ್ಮ. ಪರದೆಯ ರೂಪಾಂತರದ ದಾರಿಯಲ್ಲಿ ಇದನ್ನು ಸರಿಯಾಗಿ ಮಾಡಲು ಬರುವುದಿಲ್ಲ. ಆ ದಾರಿಯಲ್ಲಿ ನೋಡುವ ಕೆಲಸಗಳನ್ನು ಮಾತ್ರ ತನ್ನಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಫೋನಿನಲ್ಲಿ ವಿವರ ನೋಡಿ ಹತ್ತು ನಿಮಿಷದ ಬಳಿಕ ಒಪ್ಪಿಗೆ ಕೊಡುವವರಿರುತ್ತಾರೆ. ಅಷ್ಟರಲ್ಲಿ ಬೇರೊಬ್ಬರು ಅದೇ ದಾಖಲೆಯನ್ನು ತಿದ್ದಿರಬಹುದು. ದಾಖಲೆಯ ಕೊನೆಯ ತಿದ್ದುಪಡಿಯ ಸಮಯವನ್ನು ಪುಟದೊಂದಿಗೆ ಕಳುಹಿಸಿ, ಒಪ್ಪಿಗೆ ಬಂದಾಗ ಹೋಲಿಸಿ. ಬದಲಾಗಿದ್ದರೆ ಹೊಸ ವಿವರ ತೋರಿಸಿ ಮತ್ತೆ ಕೇಳಿ.

ಹಂತ 8: ಪರೀಕ್ಷೆ ಮತ್ತು ಬಿಡುಗಡೆ

ಕಚೇರಿಯ ವೈಫೈನಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ. ಬಸ್ಸಿನಲ್ಲಿ ಕುಳಿತು ನೋಡಿ. ಉತ್ತರ ಬರುವ ಮುನ್ನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಮತ್ತೆ ತೆರೆದು, ದಾಸ್ತಾನು ಒಂದೇ ಸಲ ಏರಿದೆಯೇ ಎಂದು ಎಣಿಸಿ. ಪರೀಕ್ಷಾ ರೀಜನ್‌ನಲ್ಲಿ ಬೇಕೆಂದೇ ಒಂದು ಅಬೆಂಡ್ ಮಾಡಿಸಿ ಪುಟ ಏನು ಹೇಳುತ್ತದೆಂದು ಓದಿ. ಇಬ್ಬರು ಒಂದೇ ಹೊತ್ತಿಗೆ ಲಾಗಿನ್ ಆಗಿ ಒಬ್ಬರ ವಿವರ ಇನ್ನೊಬ್ಬರಿಗೆ ಕಾಣುತ್ತಿದೆಯೇ ಎಂದು ಪರಿಶೀಲಿಸಿ.

ರಾತ್ರಿಯ ಪರೀಕ್ಷೆಯನ್ನೂ ಬಿಡಬೇಡಿ. ಅನೇಕ ಕಡೆಗಳಲ್ಲಿ ದಿನದ ಲೆಕ್ಕ ಮುಗಿಸುವ ಬ್ಯಾಚ್ ಕೆಲಸಗಳಿಗಾಗಿ ಸಿಐಸಿಎಸ್‌ನ ಕಡತಗಳನ್ನು ರಾತ್ರಿ ಕೆಲ ಹೊತ್ತು ಮುಚ್ಚುತ್ತಾರೆ. ಮೇಜಿನ ಬಳಕೆದಾರರಿಗೆ ಇದು ಗೊತ್ತೇ ಆಗುವುದಿಲ್ಲ. ಫೋನ್ ಬಳಕೆದಾರರು ಹನ್ನೊಂದು ಗಂಟೆಗೂ ತೆರೆಯುತ್ತಾರೆ. ‘ದಿನದ ಲೆಕ್ಕದ ಕೆಲಸ ನಡೆಯುತ್ತಿದೆ, ಇಂಥ ಸಮಯದ ನಂತರ ಪ್ರಯತ್ನಿಸಿ’ ಎಂಬ ಸ್ಪಷ್ಟ ಸಂದೇಶ ಇರಲಿ.

ಬಿಡುಗಡೆಯ ಮುನ್ನ ವೆಚ್ಚದ ಲೆಕ್ಕವನ್ನು ಮೇನ್‌ಫ್ರೇಮ್ ತಂಡದ ಜೊತೆ ಕುಳಿತು ಮಾಡಿ. ಬಹಳಷ್ಟು ಮೇನ್‌ಫ್ರೇಮ್ ತಂತ್ರಾಂಶಗಳ ತಿಂಗಳ ಶುಲ್ಕ ನಿಗದಿಯಾಗುವುದು ಸಾಗುತ್ತಿರುವ ನಾಲ್ಕು ಗಂಟೆಗಳ ಸರಾಸರಿ ಬಳಕೆಯ ಗರಿಷ್ಠ ಮಟ್ಟದ ಮೇಲೆ. ಪುಟ ಪ್ರತಿ ಐದು ಸೆಕೆಂಡಿಗೊಮ್ಮೆ ತಾನಾಗಿ ಹೊಸದಾಗುವಂತೆ ಬರೆದಿದ್ದರೆ, ಜೇಬಿನೊಳಗೆ ತೆರೆದಿರುವ ಫೋನುಗಳೂ ಟ್ರಾನ್ಸಾಕ್ಷನ್‌ಗಳನ್ನು ನಡೆಸುತ್ತಲೇ ಇರುತ್ತವೆ. ತಾನಾಗಿ ಹೊಸದಾಗುವುದನ್ನು ತೆಗೆದು ‘ಮತ್ತೆ ನೋಡಿ’ ಎಂಬ ಗುಂಡಿ ಇಡಿ. ಹೆಚ್ಚು ಬದಲಾಗದ ಸರಕಿನ ಹೆಸರುಗಳಂಥ ಮಾಹಿತಿಯನ್ನು ನಡುವಿನ ಸರ್ವರ್‌ನಲ್ಲೇ ಕೆಲ ಹೊತ್ತು ಉಳಿಸಿಕೊಳ್ಳಿ. ಫೋನಿನಿಂದ ಬರುವ ಕೆಲಸಕ್ಕೆ ಪ್ರತ್ಯೇಕ ಟ್ರಾನ್ಸಾಕ್ಷನ್ ಐಡಿ ಕೊಟ್ಟರೆ ಸಿಐಸಿಎಸ್ ಬರೆಯುವ ಎಸ್‌ಎಂಎಫ್ 110 ಎಂಬ ಲೆಕ್ಕದ ದಾಖಲೆಗಳಲ್ಲಿ ಅದರ ಬಳಕೆ ಬೇರೆಯಾಗಿಯೇ ಕಾಣುತ್ತದೆ, ಮತ್ತು ಏನಾದರೂ ಎಡವಟ್ಟಾದ ದಿನ ಮೇಜಿನ ಕೆಲಸಕ್ಕೆ ಧಕ್ಕೆಯಾಗದಂತೆ ಆ ಒಂದು ಐಡಿಯನ್ನಷ್ಟೇ ನಿಲ್ಲಿಸಬಹುದು. ಮೊದಲ ಎರಡು ವಾರ ಹತ್ತು ಹನ್ನೆರಡು ಮಂದಿಗೆ ಮಾತ್ರ ಕೊಟ್ಟು ಈ ದಾಖಲೆಗಳನ್ನು ದಿನವೂ ನೋಡಿ, ಆಮೇಲೆ ಉಳಿದವರಿಗೆ ತೆರೆಯಿರಿ.